ತ್ಸುಬಾಮೆಯ ಸ್ಟೀಲ್ ಪಾತ್ರೆಗಳು

ಜಪಾನಿನಲ್ಲಿ ತಯಾರಾಗುವ ಸ್ಟೇನ್‌ಲೆಸ್ ಸ್ಟೀಲ್ ಅಡುಗೆ ಸಾಮಾನುಗಳಲ್ಲಿ ಹೆಸರು ಮಾಡಿದವು ಬಹುಪಾಲು ಒಂದೇ ಸೀಮೆಯವು. ಹೊನ್ಶು ದ್ವೀಪದ ಪಶ್ಚಿಮ ಕರಾವಳಿಯ ನೀಗಾತಾ ಪ್ರಾಂತ್ಯದಲ್ಲಿ ತ್ಸುಬಾಮೆ, ಸಾಂಜೋ ಎಂಬ ಎರಡು ಊರುಗಳು ಅಕ್ಕಪಕ್ಕದಲ್ಲೇ ಇವೆ. ಬುಲೆಟ್ ರೈಲಿನ ನಿಲ್ದಾಣ ಇರುವುದು ಎರಡೂ ಊರುಗಳ ಗಡಿಯಲ್ಲಿ. ಹಾಗಾಗಿ ಅದರ ಹೆಸರೂ ತ್ಸುಬಾಮೆ-ಸಾಂಜೋ ಎಂದೇ. ಸಾಂಜೋದವರು ಚಾಕು, ಕತ್ತರಿ, ಉಳಿ, ಕೊಡಲಿಯಂಥ ಅಲುಗಿನ ಸಾಮಾನು ಮಾಡುವುದರಲ್ಲಿ ಪಳಗಿದವರು. ತ್ಸುಬಾಮೆಯವರ ಕೈ ಪಳಗಿರುವುದು ತಗಡಿನ ಕೆಲಸದಲ್ಲಿ. ಚಮಚ, ಫೋರ್ಕು, ಸೌಟು, ಬೋಗುಣಿ, ಜಾಲರಿ, ಕೆಟಲು, ತಪ್ಪಲೆ ಎಲ್ಲವೂ ಅಲ್ಲಿ ತಯಾರಾಗುತ್ತವೆ. ಎಂಬತ್ತು ಸಾವಿರದೊಳಗೆ ಜನರಿರುವ ಈ ಪಟ್ಟಣದ ಪಾಲು ಜಪಾನಿನ ಲೋಹದ ಚಮಚ-ಫೋರ್ಕುಗಳ ಉತ್ಪಾದನೆಯಲ್ಲಿ ಶೇ. 90ಕ್ಕೂ ಹೆಚ್ಚು.

ಅಂಗಡಿಯ ಕಪಾಟಿನಲ್ಲಿ ಈ ಪಾತ್ರೆಗಳು ಕಣ್ಣು ಸೆಳೆಯುವುದು ಕಡಿಮೆ. ಹೂಬಳ್ಳಿಯ ಕೆತ್ತನೆಯಿಲ್ಲ, ಬಣ್ಣವಿಲ್ಲ, ಕೆಲವಕ್ಕೆ ಹೊಳಪೂ ಇಲ್ಲ. ಅವುಗಳ ಗುಣ ತಿಳಿಯುವುದು ನಾಲ್ಕು ದಿನ ಬಳಸಿ, ತೊಳೆದು, ಒರೆಸಿ, ಎತ್ತಿಟ್ಟ ಮೇಲೆ. ಅಂಚನ್ನು ಹೇಗೆ ಮಡಚಿದ್ದಾರೆ, ತಳ ಎಂಥ ಬಾಗಿನಲ್ಲಿ ಮೇಲೇಳುತ್ತದೆ, ಹಿಡಿಯನ್ನು ಎಲ್ಲಿ ಬೆಸೆದಿದ್ದಾರೆ, ಒಂದರೊಳಗೆ ಇನ್ನೊಂದು ಎಷ್ಟು ಸಲೀಸಾಗಿ ಕೂರುತ್ತದೆ ಎಂಬಂಥ ಸಣ್ಣ ಸಂಗತಿಗಳಿಗೇ ವಿನ್ಯಾಸಕಾರರ ಶ್ರಮವೆಲ್ಲ ಸಂದಿದೆ. ಆ ಶ್ರಮದ ಹಿಂದೆ ಒಂದು ಊರಿನ ಸುಮಾರು ನಾನೂರು ವರ್ಷಗಳ ಲೋಹಗೆಲಸವಿದೆ.

ಆ ಕಸುಬು ಹುಟ್ಟಿದ್ದೇ ನೆರೆಯಿಂದ. ಜಪಾನಿನ ಅತಿ ಉದ್ದದ ನದಿಯಾದ ಶಿನಾನೊ 367 ಕಿ.ಮೀ. ಹರಿದು ಈ ಬಯಲಿನಲ್ಲೇ ಸಮುದ್ರ ಸೇರುತ್ತದೆ. ನದಿ ಉಕ್ಕಿದಾಗಲೆಲ್ಲ ಭತ್ತದ ಗದ್ದೆಗಳು ಕೊಚ್ಚಿಹೋಗುತ್ತಿದ್ದವು. 17ನೇ ಶತಮಾನದ ಮೊದಲ ಭಾಗದಲ್ಲಿ ರೈತರಿಗೊಂದು ಉಪಕಸುಬು ಬೇಕೆಂದು ಎಡೊ ನಗರದಿಂದ, ಅಂದರೆ ಇಂದಿನ ಟೋಕಿಯೊದಿಂದ, ಮೊಳೆ ಬಡಿಯುವ ಕಮ್ಮಾರರನ್ನು ಕರೆಸಲಾಯಿತು. ಎಡೊ ಮರದ ಮನೆಗಳ ನಗರ. ಅಲ್ಲಿ ಪದೇ ಪದೇ ಬೆಂಕಿ ಬಿದ್ದು ಕೇರಿಗೆ ಕೇರಿಯೇ ಉರಿಯುತ್ತಿತ್ತು, ಮತ್ತೆ ಕಟ್ಟಲು ಮೊಳೆ ಬೇಕಾಗುತ್ತಿತ್ತು. ಹೀಗೆ ಒಂದೂರಿನ ನೀರು, ಇನ್ನೊಂದೂರಿನ ಬೆಂಕಿ ಎರಡೂ ಸೇರಿ ಇಲ್ಲಿನ ರೈತರನ್ನು ಲೋಹದ ಕೆಲಸಕ್ಕೆ ತಂದವು. 18ನೇ ಶತಮಾನದಲ್ಲಿ ಹತ್ತಿರದ ಯಾಹಿಕೊ ಬೆಟ್ಟದ ಕಡೆಯ ಗಣಿಯಿಂದ ತಾಮ್ರ ಸಿಗತೊಡಗಿತು. ಒಂದೇ ತಾಮ್ರದ ತಗಡನ್ನು ಸುತ್ತಿಗೆಯಿಂದ ಬಡಿಯುತ್ತ, ಬೆಸುಗೆಯ ಸೋಂಕಿಲ್ಲದೆ ನೀರು ಕಾಯಿಸುವ ಪಾತ್ರೆ ಎಬ್ಬಿಸುವ ವಿದ್ಯೆ ಆಗ ಬೇರೂರಿತು. 1816ರಲ್ಲಿ ಶುರುವಾದ ಗ್ಯೊಕುಸೆಂಡೊ ಕಾರ್ಯಾಗಾರದಲ್ಲಿ ಆ ಕೆಲಸ ಈಗಲೂ ನಡೆಯುತ್ತಿದೆ. ತಂಬಾಕು ಸೇದುವ ಲೋಹದ ಕೊಳವೆ, ಅರ, ಕುಂಚ ಮತ್ತು ಮಸಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಪುಟ್ಟ ಲೋಹದ ಕರಡಿಗೆ, ಇವೂ ಊರಿನ ಸರಕುಗಳಾಗಿದ್ದವು.

19ನೇ ಶತಮಾನದ ಕೊನೆಯಲ್ಲಿ ಜಪಾನು ಪಾಶ್ಚಾತ್ಯ ರೀತಿಗಳಿಗೆ ತೆರೆದುಕೊಂಡಾಗ ಈ ಸರಕುಗಳೆಲ್ಲ ಒಂದೊಂದಾಗಿ ಬಿದ್ದುಹೋದವು. ಯಂತ್ರದಲ್ಲಿ ತಯಾರಾದ ತಂತಿಮೊಳೆ ಕಮ್ಮಾರನ ಮೊಳೆಯನ್ನು ಹಿಂದಟ್ಟಿತು. ಸಿಗರೇಟು ಬಂದು ಕೊಳವೆ ಹೋಯಿತು, ಫೌಂಟನ್ ಪೆನ್ನು ಬಂದು ಕರಡಿಗೆ ಹೋಯಿತು. ತಾಮ್ರದ ಪಾತ್ರೆಯ ಜಾಗಕ್ಕೆ ಅಲ್ಯುಮಿನಿಯಂ ಬಂತು. ಆದರೆ ಲೋಹವನ್ನು ಬಡಿದು, ಬಾಗಿಸಿ, ಉಜ್ಜಿ ಹೊಳಪಿಸುವ ಕೈಗಳು ಉಳಿದವು. 1911ರಲ್ಲಿ ಟೋಕಿಯೊದ ಗಿಂಜಾ ಪೇಟೆಯ ಅಂಗಡಿಯೊಂದು 36 ಜನರ ಊಟಕ್ಕಾಗುವಷ್ಟು ಪಾಶ್ಚಾತ್ಯ ಶೈಲಿಯ ಚಮಚ-ಫೋರ್ಕುಗಳನ್ನು ಮಾಡಿಕೊಡಲು ತ್ಸುಬಾಮೆಯ ವರ್ತಕರಿಗೆ ಹೇಳಿತು. ಚಮಚದಲ್ಲಿ ತಾವೇ ಉಂಡು ರೂಢಿಯಿಲ್ಲದ ಕುಶಲಕರ್ಮಿಗಳು ಅವನ್ನು ಕೈಯಲ್ಲೇ ಬಡಿದು ತಯಾರಿಸಿದರು. ಮೂರೇ ವರ್ಷದಲ್ಲಿ ಮೊದಲ ಮಹಾಯುದ್ಧ ಆರಂಭವಾಗಿ ಯುರೋಪಿನ ಕಾರ್ಖಾನೆಗಳು ಶಸ್ತ್ರಾಸ್ತ್ರಗಳತ್ತ ತಿರುಗಿದವು. ಚಮಚದ ಬೇಡಿಕೆ ಜಪಾನಿನ ಕಡೆ ಹರಿಯಿತು. ಕೈಗೆಲಸದ ಜಾಗಕ್ಕೆ ಪ್ರೆಸ್ ಯಂತ್ರ ಬಂತು, ಊರಿಗೆ ಹೊಸ ಕಸುಬು ಸಿಕ್ಕಿತು. ನೆರೆಯ ಕಾಟ ತಗ್ಗಿದ್ದೂ ಅದೇ ಕಾಲದಲ್ಲಿ. ಶಿನಾನೊದ ನೀರನ್ನು ನೇರವಾಗಿ ಸಮುದ್ರಕ್ಕೆ ಹಾಯಿಸುವ ಓಕೋಜು ಕಾಲುವೆಗೆ 1922ರಲ್ಲಿ ನೀರು ಬಿಡಲಾಯಿತು.

ಎರಡನೇ ಮಹಾಯುದ್ಧದ ಬಳಿಕ ತ್ಸುಬಾಮೆಯ ಚಮಚಗಳು ಸ್ಟೇನ್‌ಲೆಸ್ ಸ್ಟೀಲಿನವಾಗಿ ಅಮೆರಿಕಕ್ಕೆ ರಾಶಿ ರಾಶಿ ಹೋದವು. ಅಗ್ಗದ ಸರಕಿನಿಂದ ಸ್ವದೇಶಿ ಕಾರ್ಖಾನೆಗಳಿಗೆ ಪೆಟ್ಟು ಬೀಳುತ್ತಿದೆಯೆಂದು ಅಮೆರಿಕ 1959ರಲ್ಲಿ ಇಂಥ ಆಮದಿಗೆ ಮಿತಿ ಹಾಕಿ, ಮಿತಿ ಮೀರಿದ ಸರಕಿನ ಮೇಲೆ ಭಾರಿ ಸುಂಕ ಹೇರಿತು. ಚಮಚವೊಂದನ್ನೇ ನಂಬಿದರೆ ಆಗದೆಂದು ಅರಿತ ಅನೇಕ ಕಾರ್ಖಾನೆಗಳು ಬೋಗುಣಿ, ತಟ್ಟೆ, ತಪ್ಪಲೆಗಳತ್ತ ಹೊರಳಿದವು. ಮುಂದೆ 1971ರಲ್ಲಿ ಡಾಲರಿಗೆ 360 ಯೆನ್ ಎಂಬ ಸ್ಥಿರ ದರ ಮುರಿದುಬಿತ್ತು. 1985ರ ಪ್ಲಾಜಾ ಒಪ್ಪಂದದ ವೇಳೆಗೆ ಸುಮಾರು 240 ಯೆನ್ ಇದ್ದ ಡಾಲರು ಎರಡೇ ವರ್ಷದಲ್ಲಿ 150ಕ್ಕಿಂತ ಕೆಳಗಿಳಿಯಿತು. ಅಗ್ಗದ ದರದಿಂದ ಗೆಲ್ಲುವ ದಾರಿ ಅಲ್ಲಿಗೆ ಮುಚ್ಚಿತು. ಜಪಾನಿನ ಸ್ಟೀಲ್ ಪಾತ್ರೆ ಚೆನ್ನಾಗಿರಲೇಬೇಕಾದ ಅನಿವಾರ್ಯತೆ ಹುಟ್ಟಿದ್ದು ಹೀಗೆ. ಕೆಲಸಗಾರರ ನಿಷ್ಠೆಯೊಂದರಿಂದಲೇ ಎಲ್ಲವೂ ಆಯಿತೆಂದು ಹೊಗಳುವವರು ಈ ಆರ್ಥಿಕ ಒತ್ತಡವನ್ನು ಮರೆಯುತ್ತಾರೆ.

ಲೋಹದ ಬಗ್ಗೆ ಕೆಲವು ಮಾತು ಇಲ್ಲಿ ಅಗತ್ಯ. ಕಬ್ಬಿಣಕ್ಕೆ ಸಾಕಷ್ಟು ಕ್ರೋಮಿಯಂ ಬೆರೆಸಿದರೆ ಅದರ ಮೇಲ್ಮೈಯಲ್ಲಿ ಕ್ರೋಮಿಯಂ ಆಕ್ಸೈಡಿನ ಪೊರೆ ಕಟ್ಟುತ್ತದೆ. ಕೆಲವೇ ನ್ಯಾನೊಮೀಟರ್ ದಪ್ಪದ, ಕಣ್ಣಿಗೆ ಕಾಣದ ಈ ಪೊರೆಯೇ ತುಕ್ಕನ್ನು ತಡೆಯುತ್ತದೆ. ಗೀರು ಬಿದ್ದರೂ ಗಾಳಿಯ ಆಮ್ಲಜನಕದಿಂದ ಪೊರೆ ತಾನಾಗಿ ಮತ್ತೆ ಕೂಡಿಕೊಳ್ಳುತ್ತದೆ. ಬಣ್ಣ ಬಳಿದ ಅಥವಾ ಕಲಾಯಿ ಹಾಕಿದ ಪಾತ್ರೆಗೆ ಈ ಅನುಕೂಲವಿಲ್ಲ. ಒಳ್ಳೆಯ ಜಪಾನಿ ಬೋಗುಣಿಗಳ ಮೇಲೆ ಸಾಮಾನ್ಯವಾಗಿ 18-8 ಎಂದು ಒತ್ತಿರುತ್ತಾರೆ. ಅಂದರೆ ಸುಮಾರು ಶೇ. 18 ಕ್ರೋಮಿಯಂ, ಶೇ. 8 ನಿಕ್ಕಲ್. ಲೋಹಶಾಸ್ತ್ರದವರು ಇದನ್ನೇ 304 ದರ್ಜೆ ಎನ್ನುತ್ತಾರೆ. ನಿಕ್ಕಲ್ ಬೆರೆತ ಉಕ್ಕು ಹರಿಯದೆ ಹಿಗ್ಗುತ್ತದೆ. ಆಳವಾದ ಪಾತ್ರೆ ಮಾಡಲು ಬೇಕಾದ ಗುಣ ಅದು. ನಿಕ್ಕಲ್ ಇಲ್ಲದ 18-0 ಉಕ್ಕು, ಅಂದರೆ 430 ದರ್ಜೆ, ಅಗ್ಗ. ಅದು ತುಕ್ಕನ್ನು ತಡೆಯುವುದೂ ಸ್ವಲ್ಪ ಕಡಿಮೆ. ಆದರೆ ಆಯಸ್ಕಾಂತಕ್ಕೆ ಅಂಟುತ್ತದೆ, ಆ ಗುಣಕ್ಕೂ ಅಡುಗೆಮನೆಯಲ್ಲಿ ಒಂದು ಉಪಯೋಗವಿದೆ.

ತಗಡು ಬೋಗುಣಿಯಾಗುವುದು ಪ್ರೆಸ್ಸಿನ ಕೆಳಗೆ. ದುಂಡಗೆ ಕತ್ತರಿಸಿದ ತಗಡನ್ನು ಕುಳಿಯಿರುವ ಅಚ್ಚಿನ ಮೇಲಿಟ್ಟು, ಅಂಚನ್ನು ಬಿಗಿಯಾಗಿ ಒತ್ತಿ ಹಿಡಿದು, ನಡುವಿನಿಂದ ಇನ್ನೊಂದು ಅಚ್ಚನ್ನು ಇಳಿಸುತ್ತಾರೆ. ಚೊಂಬಿನ ಬಾಯಿಗೆ ಬಟ್ಟೆಯ ತುಂಡನ್ನು ಬೆರಳಿನಿಂದ ಒತ್ತಿದರೆ ಸುತ್ತಲೂ ನೆರಿಗೆ ಏಳುವಂತೆ ತಗಡಿನ ಅಂಚಿನಲ್ಲೂ ನೆರಿಗೆ ಏಳಲು ನೋಡುತ್ತದೆ. ಅಂಚಿನ ಮೇಲಿನ ಒತ್ತಡ ಕಡಿಮೆಯಾದರೆ ನೆರಿಗೆ, ಹೆಚ್ಚಾದರೆ ತಳದಲ್ಲಿ ಬಿರುಕು. ಈ ಎರಡರ ನಡುವಿನ ಹದವನ್ನು ಎಣ್ಣೆ, ವೇಗ, ಅಚ್ಚಿನ ಅಂಚಿನ ದುಂಡು ಎಲ್ಲ ಸೇರಿ ನಿರ್ಧರಿಸುತ್ತವೆ. ಹಿಗ್ಗಿದಷ್ಟೂ 304 ಉಕ್ಕು ಗಡುಸಾಗುತ್ತ ಹೋಗುತ್ತದೆ. ತುಂಬ ಆಳದ ಪಾತ್ರೆಯನ್ನು ಒಂದೇ ಏಟಿಗೆ ಮಾಡಲಾಗದು. ಒಮ್ಮೆ ಎಳೆದು, ಸಾವಿರ ಡಿಗ್ರಿ ಸೆಲ್ಸಿಯಸ್ಸಿಗೂ ಮೀರಿ ಕಾಯಿಸಿ, ಬೇಗ ತಣಿಸಿ, ಮೆದುವಾದ ಮೇಲೆ ಮತ್ತೆ ಎಳೆಯಬೇಕಾಗುತ್ತದೆ. ವಿನ್ಯಾಸಕಾರ ಕಾಗದದ ಮೇಲೆ ಎಳೆಯುವ ಒಂದು ಬಾಗು ಈ ಯಾವ ಹಂತದಲ್ಲಾದರೂ ಹರಿಯಬಹುದು. ಆದ್ದರಿಂದ ಇಲ್ಲಿ ಅಚ್ಚು ಮಾಡುವವನೂ ಅರ್ಧ ವಿನ್ಯಾಸಕಾರನೇ.

ತ್ಸುಬಾಮೆಯ ಕೈಚಳಕವನ್ನು ಜಗತ್ತಿನ ಅಡುಗೆಮನೆಗಳಿಗೆ ಪರಿಚಯಿಸಿದವರಲ್ಲಿ ಮೊದಲ ಸಾಲಿನವರು ಸೋರಿ ಯನಗಿ. 1915ರಲ್ಲಿ ಟೋಕಿಯೊದಲ್ಲಿ ಹುಟ್ಟಿ 2011ರ ಡಿಸೆಂಬರಿನಲ್ಲಿ, 96ನೇ ವಯಸ್ಸಿನಲ್ಲಿ, ತೀರಿಕೊಂಡ ಇವರು ಓದಿದ್ದು ಚಿತ್ರಕಲೆ. ತಂದೆ ಸೊಯೆತ್ಸು ಯನಗಿ ಜಪಾನಿನ ಜನಪದ ಕರಕುಶಲ ಚಳವಳಿ ಮಿಂಗೆಯ ಪ್ರವರ್ತಕರು, 1936ರಲ್ಲಿ ಟೋಕಿಯೊದಲ್ಲಿ ಜನಪದ ಕರಕುಶಲ ವಸ್ತುಸಂಗ್ರಹಾಲಯವನ್ನು ತೆರೆದವರು. ಹೆಸರಿಲ್ಲದ ಕುಂಬಾರರು, ನೇಕಾರರು ನಿತ್ಯಬಳಕೆಗೆಂದು ಮಾಡಿದ ವಸ್ತುಗಳಲ್ಲೇ ನಿಜವಾದ ಸೌಂದರ್ಯವಿದೆ ಎಂಬುದು ತಂದೆಯ ನಂಬಿಕೆ. ಮಗ ಯೌವನದಲ್ಲಿ ಅದಕ್ಕೆ ಬೆನ್ನು ಮಾಡಿ ಆಧುನಿಕ ಯುರೋಪಿನ ವಿನ್ಯಾಸದತ್ತ ಒಲಿದವರು. 1940ರಲ್ಲಿ ಫ್ರಾನ್ಸಿನ ವಿನ್ಯಾಸಕಿ ಷಾರ್ಲಟ್ ಪೆರಿಯಾಂ ಜಪಾನ್ ಸರ್ಕಾರದ ಆಹ್ವಾನದ ಮೇಲೆ ಬಂದಾಗ ಅವರ ಸಹಾಯಕರಾಗಿ ಊರೂರು ಸುತ್ತಿದರು. ಆ ಓಡಾಟದಲ್ಲಿ ಹಳ್ಳಿಯ ಕೈಕಸುಬುಗಳನ್ನು ಮತ್ತೆ ನೋಡಿದ ಮೇಲೆ ಅವರ ಕೆಲಸದಲ್ಲಿ ಎರಡೂ ಬೇರುಗಳು ಕೂಡಿಕೊಂಡವು. ಮುಂದೆ 1977ರಲ್ಲಿ ತಂದೆ ಕಟ್ಟಿದ ವಸ್ತುಸಂಗ್ರಹಾಲಯದ ನಿರ್ದೇಶಕರೂ ಆದರು.

ಯನಗಿ ಅವರ ಚಿಟ್ಟೆಯಾಕಾರದ ಮರದ ಸ್ಟೂಲು 1957ರ ಮಿಲಾನ್ ಟ್ರಿನಾಲೆಯಲ್ಲಿ ಚಿನ್ನದ ಪದಕ ಗಳಿಸಿತು. 1964ರ ಟೋಕಿಯೊ ಒಲಿಂಪಿಕ್ಸಿನ ಪಂಜಿನ ಹಿಡಿಯೂ ಅವರದೇ ವಿನ್ಯಾಸ. ಅಡುಗೆ ಪಾತ್ರೆಗಳ ವಿಷಯದಲ್ಲಿ ಮುಖ್ಯವಾದದ್ದು ಅವರ ಕೆಲಸದ ಕ್ರಮ. ನಕ್ಷೆ ಬರೆದು ಕಾರ್ಖಾನೆಗೆ ಕೊಡುವುದು ಅವರಿಗೆ ಒಪ್ಪಿತವಾಗಿರಲಿಲ್ಲ. ಪ್ಲಾಸ್ಟರಿನಲ್ಲಿ ನಿಜಗಾತ್ರದ ಮಾದರಿ ಮಾಡಿ, ಕೈಯಲ್ಲಿ ಹಿಡಿದು, ಕೆರೆದು, ಮತ್ತೆ ತುಂಬಿ, ಬಳಸಿ ನೋಡಿ, ಕೈಗೆ ಒಪ್ಪುವವರೆಗೆ ತಿದ್ದುತ್ತಿದ್ದರು. ಅಂಗೈಯಲ್ಲಿ ನಿಲ್ಲುವ ಹಿಡಿಯ ದಪ್ಪ, ಬೊಗಸೆಗೆ ಸಿಗುವ ಬೋಗುಣಿಯ ಬಾಗು ಕಣ್ಣಿಗಿಂತ ಕೈಗೆ ಚೆನ್ನಾಗಿ ತಿಳಿಯುತ್ತವೆ. ವಿನ್ಯಾಸಕಾರನ ಹೆಸರೇ ಇಲ್ಲದ ವಸ್ತುಗಳನ್ನು, ಉದಾಹರಣೆಗೆ ಬೇಸ್‌ಬಾಲ್ ಚೆಂಡು, ಜೀನ್ಸ್ ಬಟ್ಟೆಗಳನ್ನು, ಅವರು ಮೆಚ್ಚಿ ತೋರಿಸುತ್ತಿದ್ದರು. ಬಳಸುವವರ ಅಗತ್ಯವೇ ತಿದ್ದಿ ತೀಡಿದ ರೂಪಗಳು ಅವು.

ಅವರ ಸ್ಟೀಲ್ ಬೋಗುಣಿಗಳು ಮೊದಲು ರೂಪ ತಳೆದದ್ದು 1960ರಲ್ಲಿ. ಈಗಲೂ ಅವು 13, 16, 19, 23, 27 ಸೆಂ.ಮೀ. ಅಗಲದ ಐದು ಅಳತೆಗಳಲ್ಲಿ ಸಿಗುತ್ತವೆ. ಸಾಮಾನ್ಯ ಕಾರ್ಖಾನೆಯಲ್ಲಿ ಒಂದು ಆಕಾರವನ್ನು ಹಿಗ್ಗಿಸಿ ಕುಗ್ಗಿಸಿ ಐದು ಅಳತೆ ಮಾಡುತ್ತಾರೆ. ಯನಗಿ ಒಂದೊಂದಕ್ಕೂ ಬೇರೆ ಬಾಗು ಕೊಟ್ಟರು. ಚಿಕ್ಕದರಲ್ಲಿ ಮೊಟ್ಟೆ ಕಡೆಯುವುದೋ ಮಸಾಲೆ ಕಲಸುವುದೋ ಇರುತ್ತದೆ, ದೊಡ್ಡದರಲ್ಲಿ ಸೊಪ್ಪು ತೊಳೆಯುವ ಕೆಲಸ. ಎರಡಕ್ಕೂ ಬೇಕಾದ ಆಳ, ತಳದ ಅಗಲ ಒಂದೇ ಅಲ್ಲ. ತಳ ಚಪ್ಪಟೆಯಾಗಿ ಅಗಲವಾಗಿರುವುದರಿಂದ ಒಂದು ಕೈಯಲ್ಲಿ ಕಡೆಯುವಾಗ ಪಾತ್ರೆ ತಿರುಗಿ ಓಡುವುದಿಲ್ಲ. ತಳದಿಂದ ಗೋಡೆಗೆ ಏಳುವ ಕಡೆ ಮೂಲೆಯಿಲ್ಲದ್ದರಿಂದ ಚಮಚ ಎಲ್ಲೂ ತಡೆಯದೆ ಸುತ್ತುತ್ತದೆ, ಹಿಟ್ಟು ಮೂಲೆಯಲ್ಲಿ ಉಳಿಯುವುದಿಲ್ಲ.

ಅಂಚಿನ ವಿಷಯ ಇನ್ನೂ ಗಮನಾರ್ಹ. ಕತ್ತರಿಸಿದ ತಗಡಿನ ಅಂಚು ಬೆರಳು ಕುಯ್ಯುತ್ತದೆ, ಆದ್ದರಿಂದ ಅದನ್ನು ಹೊರಕ್ಕೆ ಸುರುಳಿ ಮಡಚುವುದು ವಾಡಿಕೆ. ಅಗ್ಗದ ಪಾತ್ರೆಯಲ್ಲಿ ಈ ಸುರುಳಿ ಪೂರ್ತಿ ಮುಚ್ಚಿಕೊಂಡಿರುವುದಿಲ್ಲ. ಒಳಗೆ ಕೂದಲೆಳೆಯಷ್ಟು ಸಂದು ಉಳಿದು, ಅಲ್ಲಿ ನೀರು, ಜಿಡ್ಡು, ಹಿಟ್ಟಿನ ಕಣ ಸೇರುತ್ತವೆ. ತೊಳೆದು ಬೋರಲು ಹಾಕಿದ ಪಾತ್ರೆಯನ್ನು ಎತ್ತಿದಾಗ ಅಂಚಿನಿಂದ ಇಳಿಯುವ ಕಪ್ಪು ನೀರು ಆ ಸಂದಿನದು. ಎಷ್ಟೋ ಮನೆಗಳಲ್ಲಿ ಇದನ್ನು ಸ್ಟೀಲಿನ ದೋಷವೆಂದು ತಿಳಿಯುತ್ತಾರೆ. ದೋಷವಿರುವುದು ಅಂಚಿನ ಕೆಲಸದಲ್ಲಿ. ತ್ಸುಬಾಮೆಯ ಒಳ್ಳೆಯ ಬೋಗುಣಿಗಳಲ್ಲಿ ಅಂಚನ್ನು ಸಂದಿಲ್ಲದಂತೆ ಬಿಗಿಯಾಗಿ ಮಡಚಿರುತ್ತಾರೆ, ಇಲ್ಲವೇ ಸುರುಳಿಯನ್ನೇ ಬಿಟ್ಟು ದಪ್ಪ ತಗಡಿನ ಅಂಚನ್ನು ಉಜ್ಜಿ ನುಣುಪು ಮಾಡಿರುತ್ತಾರೆ. ಎರಡಕ್ಕೂ ಖರ್ಚು ಹೆಚ್ಚು. ಪಾತ್ರೆಯ ಬೆಲೆಯಲ್ಲಿ ನ್ಯಾಯವಾದ ಭಾಗ ಯಾವುದೆಂದು ಕೇಳಿದರೆ ಈ ಅಂಚನ್ನೇ ತೋರಿಸಬೇಕು.

ಬೋಗುಣಿಗಳಿಗೆ ಜೊತೆಯಾಗಿ ಯನಗಿ ತೂತು ಕೊರೆದ ಜಾಲರಿಗಳನ್ನೂ ರೂಪಿಸಿದರು. ತಂತಿಯಲ್ಲಿ ಹೆಣೆದ ಜಾಲರಿಯಿಂದ ನೀರು ಬೇಗ ಬಸಿಯುತ್ತದೆ, ನಿಜ. ಆದರೆ ಹೆಣಿಗೆಯ ಪ್ರತಿ ಗಂಟಿನಲ್ಲೂ ಸೊಪ್ಪಿನ ನಾರು, ಅಕ್ಕಿಯ ಚೂರು ಸಿಕ್ಕಿಕೊಳ್ಳುತ್ತವೆ, ಅಂಚಿನ ಹತ್ತಿರ ತಂತಿ ಬಿಡಿಸಿಕೊಳ್ಳುತ್ತದೆ. ಒಂದೇ ತಗಡಿನಲ್ಲಿ ತೂತು ಹೊಡೆದ ಜಾಲರಿಗೆ ಈ ತೊಂದರೆಗಳಿಲ್ಲ, ಒಮ್ಮೆ ಒರೆಸಿದರೆ ಶುಚಿ. ಬೋಗುಣಿಯೂ ಜಾಲರಿಯೂ ಒಂದೇ ಅಳತೆಯ ಕುಟುಂಬಕ್ಕೆ ಸೇರಿರುವುದರಿಂದ ತರಕಾರಿ ತೊಳೆದು ಬಸಿಯುವಾಗ ಎರಡೂ ಜೋಡಿಯಾಗಿ ದುಡಿಯುತ್ತವೆ. ಕೆಲಸ ಮುಗಿದ ಮೇಲೆ ಎಲ್ಲವೂ ಒಂದರೊಳಗೊಂದು ಕೂತು ಒಂದೇ ಪಾತ್ರೆಯ ಜಾಗ ಹಿಡಿಯುತ್ತವೆ. ಜಪಾನಿನ ನಗರಗಳ ಇಕ್ಕಟ್ಟಾದ ಅಡುಗೆಮನೆಗಳಲ್ಲಿ ಇದು ಸಣ್ಣ ಅನುಕೂಲವಲ್ಲ.

ಅವರ ಒಂಟಿ ಹಿಡಿಯ ತಪ್ಪಲೆಯ ಮುಚ್ಚಳದಲ್ಲಿ ಜಾಣ್ಮೆ ಇನ್ನೂ ಸ್ಪಷ್ಟ. ತಪ್ಪಲೆಯ ಬಾಯಿ ಎಡಬಲಗಳಲ್ಲಿ ಸ್ವಲ್ಪ ಹೊರಚಾಚಿದೆ, ಮುಚ್ಚಳವೂ ಅದೇ ಆಕಾರದ್ದು. ಎರಡೂ ಹೊಂದಿಕೊಂಡರೆ ಬಾಯಿ ಪೂರ್ತಿ ಮುಚ್ಚುತ್ತದೆ. ಮುಚ್ಚಳವನ್ನು ತುಸು ತಿರುಗಿಸಿದರೆ ಎರಡು ಕಡೆ ಸಂದು ತೆರೆದು ಆವಿ ಹೋಗುತ್ತದೆ, ಹಾಲೋ ಗಂಜಿಯೋ ಉಕ್ಕುವುದು ತಪ್ಪುತ್ತದೆ. ಮುಚ್ಚಳ ಹಿಡಿದೇ ಬಗ್ಗಿಸಿದರೆ ಆಲೂಗಡ್ಡೆ ಒಳಗುಳಿದು ನೀರು ಮಾತ್ರ ಬಸಿಯುತ್ತದೆ. ಚಾಚು ಎರಡೂ ಕಡೆ ಇರುವುದರಿಂದ ಎಡಗೈಯವರಿಗೂ ಬಲಗೈಯವರಿಗೂ ಸಮ. ತಿರುಪು, ಕವಾಟ ಯಾವುದೂ ಇಲ್ಲ. ಕೆಡಬಹುದಾದ ಭಾಗವೊಂದನ್ನೂ ಸೇರಿಸದೆ ಮೂರು ಕೆಲಸ ಸಾಧಿಸಿದ ಈ ಮುಚ್ಚಳ ಪಾತ್ರೆ ವಿನ್ಯಾಸದ ಅತ್ಯುತ್ತಮ ಪಾಠಗಳಲ್ಲಿ ಒಂದು. ಕೆಟಲಿನ ವಿಷಯದಲ್ಲಿ ಯನಗಿ ಅವರ ಪ್ರಯತ್ನ 1953ರಲ್ಲಿ ಟೋಕಿಯೊ ಗ್ಯಾಸ್ ಕಂಪನಿಗಾಗಿ ಮಾಡಿದ, ಬೇಗ ಕುದಿಯುವ ಕೆಟಲಿನಿಂದಲೇ ಶುರುವಾಗಿತ್ತು. ನಾಲ್ಕು ದಶಕದ ಬಳಿಕ, 1994ರಲ್ಲಿ, 2.5 ಲೀಟರ್ ಹಿಡಿಯುವ ಸ್ಟೀಲ್ ಕೆಟಲ್ ಬಂತು. ತಳ ಅಗಲ, ಎತ್ತರ ಕಡಿಮೆ, ಹಾಗಾಗಿ ಉರಿ ಹೆಚ್ಚು ಜಾಗಕ್ಕೆ ತಾಗುತ್ತದೆ. ತುಂಬಿದ ಕೆಟಲಿನಲ್ಲಿ ನೀರೇ ಎರಡೂವರೆ ಕೆ.ಜಿ. ತೂಗುವುದರಿಂದ ಹಿಡಿಯನ್ನು ಅಂಗೈ ತುಂಬುವಷ್ಟು ದಪ್ಪಗೆ ಮಾಡಿದ್ದಾರೆ.

ಸ್ಟೇನ್‌ಲೆಸ್ ಸ್ಟೀಲಿಗೆ ಒಂದು ಹುಟ್ಟುಗುಣದ ಕೊರತೆಯಿದೆ. ಅದರಲ್ಲಿ ಶಾಖ ಹರಡುವುದು ನಿಧಾನ. ಅಲ್ಯುಮಿನಿಯಂ ಸುಮಾರು ಹದಿನೈದು ಪಟ್ಟು, ತಾಮ್ರ ಇಪ್ಪತ್ತು ಪಟ್ಟಿಗೂ ಹೆಚ್ಚು ಚೆನ್ನಾಗಿ ಶಾಖವನ್ನು ಸಾಗಿಸುತ್ತವೆ. ತೆಳು ಸ್ಟೀಲ್ ಪಾತ್ರೆಯಲ್ಲಿ ಪಾಯಸ ಉರಿಯ ಮೇಲ್ಭಾಗದಲ್ಲಷ್ಟೇ ತಳ ಹಿಡಿಯುವುದು ಇದರಿಂದಲೇ. ಪರಿಹಾರವಾಗಿ ಸ್ಟೀಲಿನ ಎರಡು ಪದರಗಳ ನಡುವೆ ಅಲ್ಯುಮಿನಿಯಂ ಸೇರಿಸಿ ಒತ್ತಿದ ತಗಡಿನಿಂದ ಪಾತ್ರೆ ಮಾಡುತ್ತಾರೆ. ತ್ಸುಬಾಮೆಯ ಮಿಯಜಾಕಿ ಸೆಯ್ಸಾಕುಶೊ ಕಾರ್ಖಾನೆ ಪ್ರಸಿದ್ಧ ಪಾಕತಜ್ಞ ಯುಕಿಯೊ ಹತ್ತೋರಿ ಅವರ ಮಾರ್ಗದರ್ಶನದಲ್ಲಿ ರೂಪಿಸಿದ ಜಿಯೊ ಪಾತ್ರೆಗಳಲ್ಲಿ ಏಳು ಪದರಗಳಿವೆ. ಅವಕ್ಕೆ ಹದಿನೈದು ವರ್ಷಗಳ ಖಾತರಿ ಕೊಡುತ್ತಾರೆ. ಹೊರಪದರಕ್ಕೆ ಆಯಸ್ಕಾಂತಕ್ಕೆ ಅಂಟುವ ಉಕ್ಕನ್ನು ಬಳಸುವ ರೂಢಿಗೆ ಕಾರಣ ಇಂಡಕ್ಷನ್ ಒಲೆ. ಶುದ್ಧ 18-8 ಪಾತ್ರೆ ಆ ಒಲೆಯ ಮೇಲೆ ಸರಿಯಾಗಿ ಕಾಯುವುದಿಲ್ಲ. ಇದೇ ಕಾರ್ಖಾನೆಯ ಇನ್ನೊಂದು ತಯಾರಿಕೆಯ ಬೇರು ಹಳೆಯ ಹೋಟೆಲು ಅಡುಗೆಯಲ್ಲಿದೆ. ಜಪಾನಿನ ವೃತ್ತಿನಿರತ ಅಡುಗೆಯವರು ಹಿಡಿಯೇ ಇಲ್ಲದ ತಪ್ಪಲೆಗಳನ್ನು ಇಕ್ಕಳದಲ್ಲಿ ಎತ್ತುತ್ತಾರೆ, ಕೆಲಸ ಮುಗಿದ ಮೇಲೆ ಹತ್ತಾರು ತಪ್ಪಲೆಗಳನ್ನು ಒಂದರೊಳಗೊಂದು ಪೇರಿಸುತ್ತಾರೆ. ಆ ಕ್ರಮವನ್ನು ಮನೆಗೆ ತಂದ ಜುತ್ತೊಕು ತಪ್ಪಲೆಗಳಿಗೆ ತೆಗೆದು ಹಾಕಬಹುದಾದ ಹಿಡಿಯಿದೆ.

ಬೇರೆ ವಿನ್ಯಾಸಗಳೂ ಇದೇ ದಾರಿಯಲ್ಲಿ ನಡೆದಿವೆ. ಪಾಕಲೇಖಕಿ ಯೊಕೊ ಅರಿಮೊಟೊ ಅವರು ತ್ಸುಬಾಮೆಯ ವಾಹೆಯ್ ಫ್ರೇಜ್ ಕಂಪನಿಯೊಂದಿಗೆ ರೂಪಿಸಿದ ಲಾ ಬಾಜೆ ಸಾಲಿನಲ್ಲಿ ಬೋಗುಣಿ, ಜಾಲರಿ, ತಟ್ಟೆ ಮೂರೂ ಸೇರಿ ಒಂದು ಘಟಕ. ತಟ್ಟೆ ಬೋಗುಣಿಗೆ ಮುಚ್ಚಳವೂ ಆಗುತ್ತದೆ, ಹಾಗಾಗಿ ಹೆಚ್ಚಿಟ್ಟ ತರಕಾರಿಯ ಬೋಗುಣಿಗಳನ್ನು ಫ್ರಿಜ್ಜಿನಲ್ಲಿ ಒಂದರ ಮೇಲೊಂದು ಇಡಬಹುದು. ದಿನವೂ ಅಡುಗೆ ಮಾಡುವವರೇ ವಿನ್ಯಾಸಕ್ಕೆ ಕೂತರೆ ಏನಾಗುತ್ತದೆ ಎಂಬುದಕ್ಕೆ ಇದು ಒಳ್ಳೆಯ ನಿದರ್ಶನ. 1980ರ ದಶಕದಲ್ಲಿ ಕೊಮಿನ್ ಯಮಡಾ ವಿನ್ಯಾಸಗೊಳಿಸಿದ ಗ್ಲೋಬಲ್ ಚಾಕು ಅಲುಗಿನಿಂದ ಹಿಡಿಯವರೆಗೆ ಪೂರ್ತಿ ಸ್ಟೀಲಿನದು. ಮರದ ಹಿಡಿಗೂ ಅಲುಗಿಗೂ ನಡುವೆ ಕೊಳೆ ಸೇರುವ ಸಂದು ಇದರಲ್ಲಿಲ್ಲ. ಟೊಳ್ಳಾದ ಹಿಡಿಯೊಳಗೆ ಮರಳು ತುಂಬಿ ತೂಕ ಸರಿದೂಗಿಸಿದ್ದಾರೆ, ಒದ್ದೆ ಕೈ ಜಾರದಂತೆ ಹಿಡಿಯ ಮೇಲೆ ಕಪ್ಪು ಚುಕ್ಕೆಗಳ ಕುಳಿಗಳಿವೆ. ಅದನ್ನು ತಯಾರಿಸುವ ಯೊಶಿಕಿನ್ ಕಂಪನಿಯ ಊರಾದ ಯೊಶಿದಾ 2006ರಲ್ಲಿ ತ್ಸುಬಾಮೆಗೆ ಸೇರಿತು. ಚಮಚದ ಹಳೆಯ ಕಸುಬಿಗೂ ಗೌರವ ಸಂದಿದೆ. 1991ರಲ್ಲಿ ನೊಬೆಲ್ ಪ್ರಶಸ್ತಿಯ 90ನೇ ವರ್ಷದ ಔತಣಕ್ಕೆ ಸ್ವೀಡನ್ನಿನ ಗುನ್ನಾರ್ ಸಿರೇನ್ ವಿನ್ಯಾಸಗೊಳಿಸಿದ ಚಮಚ-ಫೋರ್ಕುಗಳನ್ನು ತಯಾರಿಸಿದ್ದು ತ್ಸುಬಾಮೆಯ ಯಮಜಾಕಿ ಕಿನ್ಜೊಕು ಕಾರ್ಖಾನೆ.

ಈ ಎಲ್ಲದರ ಕೊನೆಯ ಹಂತ ಪಾಲಿಶ್. ತ್ಸುಬಾಮೆಯಲ್ಲಿ ಒಂದೇ ಸೂರಿನಡಿ ಎಲ್ಲವನ್ನೂ ಮಾಡುವ ದೊಡ್ಡ ಕಾರ್ಖಾನೆಗಳು ಕಡಿಮೆ. ಅಚ್ಚು ಮಾಡುವವರು, ಪ್ರೆಸ್ ಹೊಡೆಯುವವರು, ಬೆಸೆಯುವವರು, ಉಜ್ಜುವವರು ಬೇರೆ ಬೇರೆ ಸಣ್ಣ ಕಾರ್ಯಾಗಾರಗಳಲ್ಲಿದ್ದಾರೆ. ಪಾತ್ರೆ ಒಂದು ಕೇರಿಯಿಂದ ಇನ್ನೊಂದು ಕೇರಿಗೆ ಸಾಗುತ್ತ ಪೂರ್ಣವಾಗುತ್ತದೆ. ಉಜ್ಜುವವರು ವೇಗವಾಗಿ ತಿರುಗುವ ಬಟ್ಟೆಯ ಚಕ್ರಕ್ಕೆ ಸಾಣೆಪುಡಿ ಹಚ್ಚಿ ಪಾತ್ರೆಯನ್ನು ಕೈಯಲ್ಲೇ ಒತ್ತಿ ಹಿಡಿಯುತ್ತಾರೆ. ಒರಟಿನಿಂದ ನುಣುಪಿನ ಕಡೆಗೆ ಹಂತ ಹಂತವಾಗಿ ಕೆಲಸ ಸಾಗುತ್ತದೆ. ಒತ್ತಡ ತಪ್ಪಿದರೆ ಲೋಹ ಕಾದು ಬಣ್ಣಗೆಡುತ್ತದೆ, ಇಲ್ಲವೇ ಮೇಲ್ಮೈ ಅಲೆಯಲೆಯಾಗುತ್ತದೆ. 2001ರಲ್ಲಿ ಮಾರುಕಟ್ಟೆಗೆ ಬಂದ ಆ್ಯಪಲ್ ಕಂಪನಿಯ ಐಪಾಡಿನ ಹೊಳೆಯುವ ಸ್ಟೀಲ್ ಬೆನ್ನನ್ನು ಉಜ್ಜಿದ್ದೂ ಈ ಊರಿನ ಕೈಗಳೇ. ಆಮೇಲೆ ಅಂಥ ಕೆಲಸ ಅಗ್ಗದ ಕೂಲಿಯ ಕಡೆಗೆ ಹರಿಯತೊಡಗಿತು. 2003ರಲ್ಲಿ ಸ್ಥಳೀಯ ವಾಣಿಜ್ಯ ಮಂಡಳಿಯ ಆಸರೆಯಲ್ಲಿ ಸಣ್ಣ ಪಾಲಿಶ್ ಕಾರ್ಯಾಗಾರಗಳು ಒಕ್ಕೂಟ ಕಟ್ಟಿಕೊಂಡು ಒಟ್ಟಾಗಿ ಆದೇಶ ಹಿಡಿಯತೊಡಗಿದವು. ಈ ಕೆಲಸದಲ್ಲಿ ಧೂಳಿದೆ, ಮೈನೋವಿದೆ. ಪಳಗಲು ವರ್ಷಗಳೇ ಬೇಕು. ಹಿರಿಯರಿಗೆ ವಯಸ್ಸಾಗುತ್ತಿದ್ದಂತೆ ಕಿರಿಯರು ಸಿಗುವುದು ಕಷ್ಟವಾಗಿ, ಪುರಸಭೆಯೇ ಪಾಲಿಶ್ ಕಲಿಸುವ ತರಬೇತಿ ಕೇಂದ್ರ ತೆರೆದಿದೆ. ಒಳ್ಳೆಯ ಪಾತ್ರೆಯ ಭವಿಷ್ಯ ವಿನ್ಯಾಸಕಾರರಿಗಿಂತ ಹೆಚ್ಚಾಗಿ ಈ ಕೇಂದ್ರದಂಥ ಕಡೆಗಳಲ್ಲಿ ನಿರ್ಧಾರವಾಗುತ್ತದೆ.

ಊರಿನ ಊಟದ ಮೇಲೂ ಈ ಕಸುಬಿನ ಅಚ್ಚು ಬಿದ್ದಿದೆ. ತ್ಸುಬಾಮೆಯ ರಾಮೆನ್ ಸಾರಿನ ಮೇಲೆ ಹಂದಿಯ ಬೆನ್ನಿನ ಕೊಬ್ಬು ದಪ್ಪಗೆ ತೇಲುತ್ತದೆ, ಶಾವಿಗೆಯೂ ದಪ್ಪ. ರಾತ್ರಿಯವರೆಗೆ ದುಡಿಯುವ ಕಾರ್ಖಾನೆಗಳಿಗೆ ಹೊತ್ತೊಯ್ಯುವಾಗ ಸಾರು ಆರಬಾರದು, ಶಾವಿಗೆ ಮೆತ್ತಗಾಗಬಾರದು ಎಂಬ ಅಗತ್ಯದಿಂದ ಬೆಳೆದ ತಿನಿಸು ಅದು. 2013ರಿಂದ ಎರಡೂ ಊರುಗಳು ಸೇರಿ ಕಾರ್ಖಾನೆಗಳ ಹಬ್ಬ ನಡೆಸುತ್ತಿವೆ. ಆ ದಿನಗಳಲ್ಲಿ ಕಾರ್ಯಾಗಾರಗಳು ಬಾಗಿಲು ತೆರೆದು ಕೆಲಸವನ್ನು ಜನರಿಗೆ ತೋರಿಸುತ್ತವೆ. ಮೊಳೆಯಿಂದ ಚಮಚದವರೆಗಿನ ಕಥೆಯನ್ನು ಹೇಳುವ ಒಂದು ವಸ್ತುಸಂಗ್ರಹಾಲಯವೂ ತ್ಸುಬಾಮೆಯಲ್ಲಿದೆ.

ಇಂಥ ಪಾತ್ರೆಗಳನ್ನು ಪರೀಕ್ಷಿಸುವ ಕ್ರಮ ಯಾವ ದೇಶದ ಸ್ಟೀಲಿಗೂ ಸಲ್ಲುತ್ತದೆ. ಕರ್ನಾಟಕದ ಪಾತ್ರೆ ಅಂಗಡಿಗಳಲ್ಲಿ ಆಯಸ್ಕಾಂತ ಹಿಡಿದು ನೋಡುವ ರೂಢಿಯಿದೆ. ಅದರಿಂದ 430 ದರ್ಜೆ ಬೇರೆಯೆಂದು ತಿಳಿಯುತ್ತದೆ, ಅಷ್ಟೇ. ಭಾರತದಲ್ಲಿ ನಿಕ್ಕಲ್ ಉಳಿಸಲು ಮ್ಯಾಂಗನೀಸ್ ಬೆರೆಸಿದ 200 ಸರಣಿಯ ಉಕ್ಕು ಪಾತ್ರೆಗಳಿಗೆ ಬಹಳ ಬಳಕೆಯಲ್ಲಿದೆ. ಅದೂ ಆಯಸ್ಕಾಂತಕ್ಕೆ ಅಂಟುವುದಿಲ್ಲ, ಆದರೆ ತುಕ್ಕು ತಡೆಯುವುದರಲ್ಲಿ 304ಕ್ಕೆ ಸಮವಲ್ಲ. ಇನ್ನೊಂದೆಡೆ, ಆಳವಾಗಿ ಎಳೆದ ಅಪ್ಪಟ 304 ಪಾತ್ರೆಯ ಮೂಲೆಗಳು ಪ್ರೆಸ್ಸಿನ ಒತ್ತಡದಿಂದ ಸ್ವಲ್ಪ ಅಂಟುವ ಗುಣ ಪಡೆಯುವುದೂ ಉಂಟು. ಆದ್ದರಿಂದ ಒತ್ತಿದ ದರ್ಜೆಯ ಗುರುತನ್ನು ಓದುವುದು, ಅಂಚಿನ ಸುತ್ತ ಉಗುರು ಓಡಿಸಿ ಸಂದು ಹುಡುಕುವುದು, ಹಿಡಿ ಸೇರುವ ಕಡೆ ಬೆಸುಗೆಯ ಸುತ್ತ ಕೊಳೆ ಕೂರುವ ಜಾಗವಿದೆಯೇ ನೋಡುವುದು, ಮೇಜಿನ ಮೇಲಿಟ್ಟು ಒಂದು ಬದಿ ಒತ್ತಿ ಅಲುಗಾಡುತ್ತದೆಯೇ ಗಮನಿಸುವುದು ಹೆಚ್ಚು ಫಲಕಾರಿ.

ಬಳಕೆಯಲ್ಲಿ ಸ್ಟೀಲಿನ ದೊಡ್ಡ ಶತ್ರು ಉಪ್ಪು. ಹುಣಿಸೆಹುಳಿ, ನಿಂಬೆ, ಮೊಸರುಗಳನ್ನು 18-8 ಉಕ್ಕು ಚೆನ್ನಾಗಿ ತಾಳಿಕೊಳ್ಳುತ್ತದೆ. ಆದರೆ ಉಪ್ಪಿನ ಕ್ಲೋರೈಡ್ ಒಂದೇ ಜಾಗದಲ್ಲಿ ತಂಗಿದರೆ ರಕ್ಷಣೆಯ ಪೊರೆಯನ್ನು ತೂರಿ ಸೂಜಿಮೊನೆಯಷ್ಟು ಕುಳಿ ತೋಡುತ್ತದೆ. ತಣ್ಣೀರಿಗೆ ಕಲ್ಲುಪ್ಪು ಹಾಕಿ ಬಿಟ್ಟರೆ ಅದು ತಳದಲ್ಲಿ ಕೂತು ಈ ಕೆಲಸ ಮಾಡುತ್ತದೆ. ನೀರು ಕುದಿ ಬಂದ ಮೇಲೆ ಹಾಕಿ ಕದಡುವುದು ಒಳ್ಳೆಯದು. ಉಪ್ಪಿನಕಾಯಿಯನ್ನು ತಿಂಗಳುಗಟ್ಟಲೆ ಇಡುವುದಕ್ಕೆ ಗಾಜು ಅಥವಾ ಪಿಂಗಾಣಿಯೇ ಸರಿ. ಕಬ್ಬಿಣದ ನಾರಿನಿಂದ ತಿಕ್ಕಿದರೆ ಅದರ ಚೂರುಗಳು ಪಾತ್ರೆಗೆ ಅಂಟಿ ತಾವೇ ತುಕ್ಕು ಹಿಡಿದು, ಪಾತ್ರೆಯೇ ತುಕ್ಕು ಹಿಡಿದಂತೆ ಕಾಣಿಸುತ್ತವೆ. ಖಾಲಿ ಪಾತ್ರೆ ಹೆಚ್ಚು ಕಾದಾಗ ಮೂಡುವ ನೀಲಿ-ಕಂದು ಛಾಯೆ ಆಕ್ಸೈಡಿನ ಪೊರೆ ದಪ್ಪವಾದುದರಿಂದ ಬಂದದ್ದು, ಅದರಿಂದ ಅಡುಗೆಗೆ ಹಾನಿಯಿಲ್ಲ. ಗಡಸು ನೀರು ಬಿಡುವ ಬಿಳಿ ಕಲೆಯನ್ನು ತೆಗೆಯಲು ಪಾತ್ರೆಯಲ್ಲಿ ನಿಂಬೆರಸ ಅಥವಾ ವಿನೆಗರ್ ಬೆರೆಸಿದ ನೀರನ್ನು ಕೆಲವು ನಿಮಿಷ ಕುದಿಸಿ, ಮೆತ್ತನೆಯ ಬಟ್ಟೆಯಿಂದ ಒರೆಸಿದರೆ ಸಾಕು.